ಸಿಂಹಳದ ಪ್ರೇಷಿತ ಸಂತ ಜೋಸೆಫ್ ವಾಜ್

ಕ್ರಿಸ್ತ ವಿಶ್ವಾಸವನ್ನು ಅನ್ಯರೊಡನೆ ಹಂಚಿಕೊಳ್ಳುವುದು ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರ ಕರ್ತವ್ಯವೆಂದು ನಾವು ಬಲಿಪೀಠದಿಂದ ಬೋಧಿಸಿದಾಗಲೆಲ್ಲ ನಮ್ಮ ಭಕ್ತಾದಿಗಳ ಮುಖದಲ್ಲಿ ಒಂದು ಬಗೆಯ ಸಂಕೋಚ ಕಾಣಿಸುತ್ತದೆ. ಅದು ಗುರುಗಳ ಕೆಲಸ, ಕನ್ಯಾಸ್ತ್ರೀಯರ ಕೆಲಸ, ನಮಗೆ ಅಷ್ಟು ವಿದ್ಯೆಯಿಲ್ಲ ಎಂಬುದು ಅವರ ಸಮಜಾಯಿಷಿ. ಆದುದರಿಂದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಕೊಂಕಣಿ ತಾಯಿನುಡಿಯ, ಕನ್ನಡ ಕರಾವಳಿಯಲ್ಲಿ ಬರಿಗಾಲಿನಲ್ಲಿ ನಡೆದಾಡಿದ ಯಾಜಕರೊಬ್ಬರ ಚರಿತ್ರೆಯನ್ನು ನಿರೂಪಿಸಬಯಸುತ್ತೇವೆ. ಅವರ ಕಥೆಯಲ್ಲಿ ಹೆಸರೂ ಉಳಿಯದ ಶ್ರೀಸಾಮಾನ್ಯರ ಪಾಲು ಎಷ್ಟೆಂಬುದನ್ನು ವಾಚಕರು ಗಮನಿಸಬೇಕು.

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಬೆನೌಲಿಮ್ ಗ್ರಾಮದಲ್ಲಿ ಜನಿಸಿದರು. ಅದು ಅವರ ತಾಯಿಯ ಊರು; ತಂದೆಯ ಊರು ಸಾಂಕ್ವಾಳ. ಯೇಸುಸಭೆಯವರ ಕಾಲೇಜಿನಲ್ಲಿಯೂ ಅನಂತರ ದೊಮಿನಿಕ್ ಸಭೆಯವರ ಬಳಿಯೂ ವ್ಯಾಸಂಗ ಮಾಡಿ 1676ರಲ್ಲಿ ಯಾಜಕಾಭಿಷೇಕ ಪಡೆದರು. ಮರುವರ್ಷ ಸಾಂಕ್ವಾಳದ ದೇವಾಲಯದಲ್ಲಿ ತಮ್ಮನ್ನು ದೇವಮಾತೆಯ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಆ ದಾಸ್ಯಪತ್ರಕ್ಕೆ ಅವರು ಕೊನೆಯವರೆಗೂ ಬದ್ಧರಾಗಿದ್ದರು.

ಅವರ ಮನಸ್ಸು ಆಗಲೇ ಸಿಂಹಳ ದ್ವೀಪದತ್ತ ಹರಿದಿತ್ತು. ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ಕೆನರಾ ಪ್ರಾಂತಕ್ಕೆ ಕಳುಹಿಸಿದರು. ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಯ ಕಾಲವದು. ಪೋರ್ಚುಗಲ್ ದೊರೆಯ ಪೋಷಕಾಧಿಕಾರಕ್ಕೆ ಸೇರಿದವರು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರ ಕಡೆಯವರು ಇನ್ನೊಂದು ಕಡೆಯಾಗಿ ಕ್ರೈಸ್ತರು ಇಬ್ಭಾಗವಾಗಿದ್ದರು. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸಿಂಧುವೆಂಬುದೇ ಜನರಿಗೆ ತಿಳಿಯದಾಗಿತ್ತು. ವಾಜ್ ಸ್ವಾಮಿಗಳು ವಾದಕ್ಕಿಳಿಯುವ ಬದಲು ಮಂಗಳೂರು, ಬಸರೂರು, ಗಂಗೊಳ್ಳಿ ಮುಂತಾದ ಕಡೆ ಸಂಚರಿಸಿ, ಪಾಪನಿವೇದನೆ ಕೇಳಿ, ಮಕ್ಕಳಿಗೆ ಧರ್ಮೋಪದೇಶ ಮಾಡಿ, ಎರಡು ಪಕ್ಷದವರನ್ನೂ ಹತ್ತಿರಕ್ಕೆ ತಂದರು. ತಮ್ಮೊಳಗೇ ಒಡೆದ ಮನೆಯವರು ನೆರೆಯವನಿಗೆ ಯಾವ ಶಾಂತಿಯನ್ನು ಸಾರಬಲ್ಲರು? ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಹಿಂದಿರುಗಿದ ಅವರು, ಮರುವರ್ಷ, ಸಂತ ಫಿಲಿಪ್ ನೇರಿಯವರ ನಿಯಮವನ್ನು ಅನುಸರಿಸತೊಡಗಿದ ದೇಶೀಯ ಯಾಜಕರ ಸಂಘಕ್ಕೆ ಮುಖ್ಯಸ್ಥರಾದರು. ಯೂರೋಪಿನ ಧಾರ್ಮಿಕ ಸಭೆಗಳು ನಮ್ಮ ದೇಶದ ಯಾಜಕರಿಗೆ ಬಾಗಿಲು ತೆರೆಯಲು ಹಿಂಜರಿಯುತ್ತಿದ್ದ ದಿನಗಳವು ಎಂಬುದನ್ನು ಇಲ್ಲಿ ಮರೆಯಲಾಗದು.

ಇತ್ತ ಸಿಂಹಳದ ಸ್ಥಿತಿ ಶೋಚನೀಯವಾಗಿತ್ತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ವಶವಾದವು. ಕಾಲ್ವಿನ್ ಪಂಥದ ಆ ಆಡಳಿತಗಾರರು ಕಥೋಲಿಕ ಗುರುಗಳನ್ನು ಹೊರದೂಡಿ, ಅವರಿಗೆ ಆಶ್ರಯ ಕೊಡುವುದನ್ನೂ ಅಪರಾಧವನ್ನಾಗಿಸಿದರು. ಸುಮಾರು ಮೂವತ್ತು ವರ್ಷ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ ಜನ ಬದುಕಿದರು. 1687ರಲ್ಲಿ ವಾಜ್ ಸ್ವಾಮಿಗಳು ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಸೇವಕನೊಬ್ಬನೊಡನೆ ಅಲ್ಲಿಗೆ ತಲುಪಿದರು. ತಲುಪಿದೊಡನೆಯೇ ಭೇದಿಯಿಂದ ಹಾಸಿಗೆ ಹಿಡಿದರು. ಕರುಣಾಳು ಸ್ತ್ರೀಯೊಬ್ಬಳು ಗಂಜಿ ತಂದುಕೊಟ್ಟು ಬದುಕಿಸಿದಳೆಂದು ಚರಿತ್ರಕಾರರು ಬರೆಯುತ್ತಾರೆ. ಆಕೆಯ ಹೆಸರು ತಿಳಿದಿಲ್ಲ. ಆ ಗಂಜಿ ದೊರೆಯದಿದ್ದರೆ ಸಿಂಹಳದ ಧರ್ಮಸಭೆಯ ಚರಿತ್ರೆ ಹೇಗಿರುತ್ತಿತ್ತೋ ದೇವರೇ ಬಲ್ಲ.

ಕಥೋಲಿಕರು ಯಾರೆಂದು ಕೇಳುವಂತಿರಲಿಲ್ಲ. ಆದುದರಿಂದ ಅವರು ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಮಾಲೆಯನ್ನು ಕಂಡು ಯಾರ ಕಣ್ಣು ಅರಳುವುದೋ ಎಂದು ಕಾದರು. ಹಾಗೆ ಗುರುತಿಸಿದ ಒಂದು ಕುಟುಂಬದಿಂದ ಸುದ್ದಿ ಗುಟ್ಟಾಗಿ ಹಬ್ಬಿತು. ಜನರೇ ಅವರನ್ನು ರಾತ್ರಿ ವೇಳೆ ಮನೆಯಿಂದ ಮನೆಗೆ ಸಾಗಿಸಿದರು, ಸಿಲ್ಲಾಲೈ ಗ್ರಾಮದಲ್ಲಿ ಅಡಗಿಸಿಟ್ಟರು. 1689ರ ಕ್ರಿಸ್ತಜಯಂತಿಯ ಸಮಯದಲ್ಲಿ ಡಚ್ಚರು ದಾಳಿ ಮಾಡಿದಾಗ ಸ್ವಾಮಿಗಳು ತಪ್ಪಿಸಿಕೊಂಡರು. ಸೆರೆಸಿಕ್ಕಿ ಪೆಟ್ಟು ತಿಂದವರು ಗೃಹಸ್ಥರು. ಅವರಲ್ಲೊಬ್ಬರು ಆ ಪೆಟ್ಟುಗಳಿಂದಲೇ ಪ್ರಾಣಬಿಟ್ಟರು. ವಿಶ್ವಾಸ ಹಂಚುವುದು ಗುರುಗಳ ಕೆಲಸವೆಂದು ಹೇಳುವವರು ಈ ಗೃಹಸ್ಥರನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತಾರೋ ನಾವು ಅರಿಯೆವು.

1692ರಲ್ಲಿ ಅವರು ಡಚ್ಚರ ಅಧೀನದಲ್ಲಿರದ ಕ್ಯಾಂಡಿ ರಾಜ್ಯಕ್ಕೆ ಹೋದರು. ಅಲ್ಲಿ ಫ್ರೆಂಚ್ ಕಾಲ್ವಿನ್ ಪಂಥೀಯನೊಬ್ಬನ ದೂರಿನಿಂದ ಪೋರ್ಚುಗೀಸ್ ಗೂಢಚಾರನೆಂದು ಬಂಧಿತರಾದರು. ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು, ಆವರಣದಲ್ಲಿ ಗುಡಿಸಲಿನ ಪ್ರಾರ್ಥನಾಲಯ ಕಟ್ಟಿದರು. ಮುಂದೆ ಬರಗಾಲ ಬಂದಾಗ ಅವರು ಶಿಲುಬೆಯ ಮುಂದೆ ಮೊಣಕಾಲೂರಿ ಪ್ರಾರ್ಥಿಸಲು ಮಳೆ ಸುರಿದು, ಅವರಿದ್ದ ಸ್ಥಳ ಮಾತ್ರ ನೆನೆಯದೆ ಉಳಿಯಿತೆಂದು ಪರಂಪರೆ ಹೇಳುತ್ತದೆ. ಈ ಪವಾಡವನ್ನು ಭಕ್ತರು ಬಹಳ ಮೆಚ್ಚುತ್ತಾರೆ. ನಮಗಾದರೋ 1697ರ ಘಟನೆ ಹೆಚ್ಚಿನದಾಗಿ ತೋರುತ್ತದೆ. ಆ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಉಳ್ಳವರು ಊರು ಬಿಟ್ಟರು; ಸ್ವಂತ ಬಂಧುಗಳೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಹೋದರು. ವಾಜ್ ಸ್ವಾಮಿಗಳು ಗೋವೆಯಿಂದ ಬಂದಿದ್ದ ಸಹಯಾಜಕರೊಡನೆ ಅವರನ್ನು ಹುಡುಕಿ, ಗುಡಿಸಲು ಹಾಕಿ, ಹುಣ್ಣು ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ಬೌದ್ಧನೋ ಕ್ರೈಸ್ತನೋ ಎಂದು ಕೇಳಲಿಲ್ಲ. ಬೌದ್ಧ ಮತದವನಾದ ರಾಜ ಎರಡನೆಯ ವಿಮಲಧರ್ಮಸೂರ್ಯನು ಇದನ್ನು ಕಂಡು ಅವರಿಗೆ ತನ್ನ ರಾಜ್ಯದಲ್ಲಿ ಮುಕ್ತವಾಗಿ ಸೇವೆ ಮಾಡಲು ಅವಕಾಶವಿತ್ತನು.

ಆಮಿಷವೊಡ್ಡಲು ಆ ಭಿಕ್ಷುಕನ ಜೋಳಿಗೆಯಲ್ಲಿ ಏನಿತ್ತು? ಬಲವಂತ ಮಾಡಲು ಯಾವ ಸೈನ್ಯವಿತ್ತು? ದಂಡು, ದರಬಾರು, ದುಡ್ಡು ಇದ್ದುದೆಲ್ಲವೂ ಅವರನ್ನು ಬೇಟೆಯಾಡುತ್ತಿದ್ದವರ ಬಳಿ. ಧರ್ಮಪ್ರಚಾರವೆಂದರೆ ಅನುಮಾನದಿಂದ ನೋಡುವ ನೆರೆಯವರಿರುವ ನಮ್ಮ ಕಾಲದಲ್ಲಿ, ಹುಣ್ಣು ತೊಳೆದ ಆ ಕೈಗಳನ್ನು ನಾವು ಮತ್ತೆ ಮತ್ತೆ ನೆನೆಯಬೇಕೆನಿಸುತ್ತದೆ.

ಅವರ ಕಾರ್ಯಕ್ಕೆ ಗೋವೆಯಿಂದ ಇನ್ನೂ ಯಾಜಕರು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸ್ವಾಮಿಗಳು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ಸೃಷ್ಟಿಸಿದರು. ಸತತ ಕಾಲ್ನಡಿಗೆಯಿಂದ ಸವೆದ ವಾಜ್ ಸ್ವಾಮಿಗಳು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. ಸಿಂಹಳಕ್ಕೆ ಹೋದ ಮೇಲೆ ಅವರು ಹುಟ್ಟೂರನ್ನು ಮತ್ತೆ ಕಾಣಲಿಲ್ಲ. ಕಥೋಲಿಕರ ಮೇಲಿನ ನಿರ್ಬಂಧಗಳನ್ನು ಬ್ರಿಟಿಷರು 1806ರಲ್ಲಿ ತೆಗೆದುಹಾಕುವ ಹೊತ್ತಿಗೆ, ಅವರು ಹುಡುಕಿ ಒಟ್ಟುಗೂಡಿಸಿದ ಸಭೆ ಇನ್ನೂ ಜೀವಂತವಾಗಿತ್ತು.

ಜಗದ್ಗುರು ದ್ವಿತೀಯ ಜಾನ್ ಪೌಲರು 1995ರಲ್ಲಿ ಕೊಲಂಬೊ ನಗರದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದ ಕಡಲತೀರದ ಮೈದಾನದಲ್ಲಿ ಜಗದ್ಗುರು ಫ್ರಾನ್ಸಿಸರು ಅವರಿಗೆ ಸಂತ ಪದವಿಯನ್ನಿತ್ತರು. ಅವರ ಹಬ್ಬ ಜನವರಿ 16ರಂದು ಬರುತ್ತದೆ.