ಅರುಣಾ ಶಾನಭಾಗರಿಗೆ ದಯಾಮರಣ ಸಿಕ್ಕಿತ್ತೇ? ಫಾರ್ವರ್ಡ್ ಹೇಳದ ಕಥೆ

ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಸಂದೇಶ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಮನೆಯ ಹಿರಿಯರೊಬ್ಬರು ಐಸಿಯುನಲ್ಲಿದ್ದಾಗ ಕುಟುಂಬದ ಗ್ರೂಪಿಗೆ ಬಂದ ಫಾರ್ವರ್ಡ್ ಅದು. ಮುಂಬೈಯ ನರ್ಸ್ ಅರುಣಾ ಶಾನಭಾಗ 42 ವರ್ಷ ಕೋಮಾದಲ್ಲಿ, ವೆಂಟಿಲೇಟರ್ ಮೇಲೆ ಇದ್ದರಂತೆ. ಕೊನೆಗೆ ಸುಪ್ರೀಂ ಕೋರ್ಟ್ ದಯಾಮರಣ ಕೊಟ್ಟಿತಂತೆ. ಹಾಗಾಗಿ ಈಗ ಮನೆಯವರು ಸಹಿ ಹಾಕಿದರೆ ಸಾಕು, ಡಾಕ್ಟರು ಇಂಜೆಕ್ಷನ್ ಕೊಟ್ಟು ನರಳಾಟ ಮುಗಿಸಬಹುದಂತೆ.

ಇದರಲ್ಲಿ ಸರಿಯಿರುವುದು ಹೆಸರು, ವೃತ್ತಿ, ಊರು, ಸರಿಸುಮಾರು ವರ್ಷಗಳ ಲೆಕ್ಕ. ಉಳಿದದ್ದೆಲ್ಲ ತಪ್ಪು. ಅರುಣಾ ನಮ್ಮ ಉತ್ತರ ಕನ್ನಡದವರು. ಅವರ ಕಥೆಯನ್ನು ಸರಿಯಾಗಿ ತಿಳಿದರೆ ಐಸಿಯು ಬಾಗಿಲಲ್ಲಿ ನಿಂತವರಿಗೆ ನಿಜವಾಗಿ ಉಪಯೋಗವಿದೆ.

ಅರುಣಾ ಹುಟ್ಟಿದ್ದು 1948ರಲ್ಲಿ, ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ. ನರ್ಸಿಂಗ್ ಕಲಿಯಲು ಮುಂಬೈಗೆ ಹೋದರು, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ವೈದ್ಯರೊಬ್ಬರ ಜೊತೆ ಮದುವೆ ನಿಶ್ಚಯವಾಗಿತ್ತು. ಆಗ ಅವರ ಕೆಲಸ ನಾಯಿಗಳ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಯುವ ವಿಭಾಗದಲ್ಲಿತ್ತು. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಸಫಾಯಿ ನೌಕರನೊಬ್ಬ ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮರುದಿನ ಬೆಳಿಗ್ಗೆ ಕೆಲಸದವರು ನೋಡುವ ತನಕ ಅವರು ಅಲ್ಲೇ ಬಿದ್ದಿದ್ದರು. ಆಗ ಅರುಣಾಗೆ 25 ವರ್ಷ. ಅಪರಾಧಿಗೆ ಸಿಕ್ಕಿದ್ದು ಏಳು ವರ್ಷದ ಜೈಲು, ಅದೂ ಕೊಲೆಯತ್ನ ಮತ್ತು ದರೋಡೆಗೆ. ಅತ್ಯಾಚಾರದ ಆರೋಪ ಪ್ರಕರಣದೊಳಗೆ ಬರಲೇ ಇಲ್ಲ.

ಸರಪಳಿ ಬಿಗಿದಾಗ ಮಿದುಳಿಗೆ ಆಮ್ಲಜನಕ ನಿಂತಿತ್ತು. ನೋಟ, ಮಾತು, ಯೋಚನೆ ನಡೆಸುವ ಭಾಗಗಳು ಸರಿಪಡಿಸಲಾಗದಷ್ಟು ಹಾಳಾದವು, ಉಸಿರಾಟ ನಡೆಸುವ ಭಾಗ ಉಳಿಯಿತು. ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಕೋಮಾದಲ್ಲಿರುವವರು ಕಣ್ಣು ತೆರೆಯುವುದಿಲ್ಲ, ಎಬ್ಬಿಸಿದರೂ ಏಳುವುದಿಲ್ಲ. ಆ ಸ್ಥಿತಿ ಸಾಮಾನ್ಯವಾಗಿ ಕೆಲವೇ ವಾರ ಇರುತ್ತದೆ. ಆಮೇಲೆ ರೋಗಿ ಎಚ್ಚರಗೊಳ್ಳಬಹುದು, ತೀರಿಕೊಳ್ಳಬಹುದು, ಇಲ್ಲವೇ ಕಣ್ಣು ತೆರೆದಿದ್ದರೂ ಅರಿವಿಲ್ಲದ ಸ್ಥಿತಿಗೆ ಹೋಗಬಹುದು. ಈ ಮೂರನೆಯದರಲ್ಲಿ ನಿದ್ದೆಯೂ ಇದೆ, ಎಚ್ಚರವೂ ಇದೆ, ಸ್ವಂತ ಉಸಿರೂ ಇದೆ. ಅರುಣಾ ಇದ್ದದ್ದು ಹೆಚ್ಚುಕಡಿಮೆ ಈ ಸ್ಥಿತಿಯಲ್ಲಿ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಕಳಿಸಿದ ಮೂವರು ವೈದ್ಯರು ವರದಿ ಕೊಟ್ಟರು. ಮಿದುಳಿನ ಸಾವು ಇದಲ್ಲವೇ ಅಲ್ಲ. ಅದಾದಾಗ ಸ್ವಂತ ಉಸಿರಾಟ ಇರುವುದಿಲ್ಲ. ಅರುಣಾ ಅಷ್ಟೂ ವರ್ಷ ಯಂತ್ರವಿಲ್ಲದೆ ಉಸಿರಾಡಿದರು. 2010ರಲ್ಲಿ ಮಲೇರಿಯಾ ಬರುವ ತನಕ ಅರೆದ ಊಟವನ್ನು ಬಾಯಿಂದಲೇ ತಿನ್ನುತ್ತಿದ್ದರು. ಮೂಗಿನ ನಳಿಕೆ ಬಂದದ್ದು ಆಮೇಲೆ.

ಊಟ ತಿನ್ನಿಸುತ್ತಿದ್ದವರು ಕೆಇಎಂನ ನರ್ಸ್‌ಗಳು. ನಿಶ್ಚಯವಾದ ಮದುವೆ ನಿಂತುಹೋಯಿತು. ತಂದೆತಾಯಿ ತೀರಿಕೊಂಡರು, ಬಂಧುಗಳು ದೂರವಾದರು. ನಾಲ್ಕನೇ ವಾರ್ಡಿನ ಪಕ್ಕದ ಕೋಣೆಗೆ ಮಾತ್ರ ದಿನಾಲೂ ಒಬ್ಬರಲ್ಲ ಒಬ್ಬರು ಹೋಗುತ್ತಿದ್ದರು. ಹಾಸಿಗೆ ಹಿಡಿದು ದಶಕಗಳಾಗಿದ್ದರೂ ಅವರ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ. ಮನೆಯಲ್ಲಿ ಮಲಗಿದವರನ್ನು ನೋಡಿಕೊಂಡವರಿಗೆ ಇದು ಎಂಥ ಕೆಲಸವೆಂದು ಗೊತ್ತು: ಕೆಲವೇ ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. 1980ರ ದಶಕದಲ್ಲಿ ಮಹಾನಗರ ಪಾಲಿಕೆ ಅವರನ್ನು ಬೇರೆಡೆ ಸಾಗಿಸಲು ನೋಡಿದಾಗ ನರ್ಸ್‌ಗಳು ಪ್ರತಿಭಟನೆಗೆ ಇಳಿದರು, ಪಾಲಿಕೆ ಹಿಂದೆ ಸರಿಯಿತು. ಆಮೇಲೆ ಕೆಲಸಕ್ಕೆ ಬಂದವರಲ್ಲಿ ಅನೇಕರು ಅರುಣಾ ಮಾತಾಡಿದ್ದನ್ನು ಒಮ್ಮೆಯೂ ಕೇಳಿದವರಲ್ಲ.

2009ರಲ್ಲಿ, ಅರುಣಾ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಇಂಥ ಬದುಕು ಬದುಕಲ್ಲ, ಆಹಾರ ನಿಲ್ಲಿಸಿ ಶಾಂತವಾಗಿ ಹೋಗಲು ಬಿಡಿ ಎಂಬುದು ಅವರ ಕೋರಿಕೆ. ಆಸ್ಪತ್ರೆ ಒಪ್ಪಲಿಲ್ಲ. ಎರಡೂ ಕಡೆಯವರಿಗೆ ಅರುಣಾ ಮೇಲೆ ಕರುಣೆಯಿತ್ತು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಕೋರ್ಟ್ ಮೊದಲು ಬಿಡಿಸಬೇಕಾಗಿದ್ದ ಗಂಟು ಬೇರೆ: ಮಾತಾಡಲಾಗದ ಈ ಹೆಂಗಸಿನ ಪರವಾಗಿ ಮಾತಾಡುವವರು ಯಾರು?

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಾಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ಅರ್ಜಿ ತಳ್ಳಿಹಾಕಿದರು. ಪಿಂಕಿ ವಿರಾಣಿಯವರ ಕಾಳಜಿಯನ್ನು ಪೀಠ ಗೌರವಿಸಿತು, ಆದರೆ ಅರುಣಾರ ಆಪ್ತರೆಂದರೆ ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯೇ ಎಂದಿತು. ರಕ್ತಸಂಬಂಧಕ್ಕಿಂತ ಆರೈಕೆಗೆ ತೂಕ ಕೊಟ್ಟ ತೀರ್ಪು ಅದು. ಜೊತೆಗೆ, ಚೇತರಿಸಿಕೊಳ್ಳುವ ಸಾಧ್ಯತೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹೈಕೋರ್ಟ್ ಅನುಮತಿ ಪಡೆದು ನಿಲ್ಲಿಸಬಹುದು ಎಂದೂ ಹೇಳಿತು. ದೇಶಕ್ಕೆ ದಾರಿ ತೆರೆದದ್ದು ಅರುಣಾರ ಪ್ರಕರಣ, ಆ ದಾರಿಯಲ್ಲಿ ಹೋದವರು ಮಾತ್ರ ಅರುಣಾ ಅಲ್ಲ. 2015ರ ಮೇ 18ರಂದು ಅವರು ನ್ಯುಮೋನಿಯಾದಿಂದ ತೀರಿಕೊಂಡರು. ವೆಂಟಿಲೇಟರ್ ಹಾಕಿದ್ದು ಆ ಕೊನೆಯ ಕೆಲವು ದಿನ ಮಾತ್ರ.

ನಮ್ಮನ್ನು ಕಾಡುವುದು ಇನ್ನೊಂದು. ನರ್ಸ್‌ಗಳು ಬಯಸಿದ್ದು ಗೊತ್ತು, ಪಿಂಕಿ ವಿರಾಣಿ ಬಯಸಿದ್ದು ಗೊತ್ತು. ಅರುಣಾ ಏನು ಬಯಸುತ್ತಿದ್ದರು? ದಿನವೂ ರೋಗಿಗಳ ನಡುವೆ ಇದ್ದ ಅವರು ಈ ಬಗ್ಗೆ ಯೋಚಿಸಿರಲೂಬಹುದು. ಆದರೆ 25ರ ವಯಸ್ಸಿನಲ್ಲಿ ಯಾರು ತಾನೇ ಬರೆದಿಡುತ್ತಾರೆ? 1973ರಲ್ಲಿ ಹಾಗೆ ಬರೆದಿಟ್ಟ ಕಾಗದಕ್ಕೆ ಕಾನೂನಿನ ಬೆಲೆಯೂ ಇರಲಿಲ್ಲ.

ಬೆಲೆ ಬಂದದ್ದು 2018ರ ಮಾರ್ಚ್ 9ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್ ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಒಪ್ಪಿದಾಗ. ನಿಯಮಗಳು ತೀರಾ ತೊಡಕಾಗಿದ್ದವು. 2023ರ ಜನವರಿಯಲ್ಲಿ ಅವನ್ನು ಸಡಿಲಿಸಲಾಯಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು.

ಈಗ ಓದುಗರ ಪ್ರಶ್ನೆಗೆ ಬರೋಣ. ಮನೆಯವರ ಸಹಿ ಮಾತ್ರ ಸಾಲದು. ಚಿಕಿತ್ಸೆ ಕೊಡುವ ವೈದ್ಯರೂ ಸೇರಿ ಮೂವರ ಮೊದಲ ಮಂಡಳಿ ರೋಗಿಯನ್ನು ನೋಡಬೇಕು, ಆಮೇಲೆ ಬೇರೆ ಮೂವರ ಎರಡನೇ ಮಂಡಳಿ ನೋಡಬೇಕು. ರೋಗಿ ಏನೂ ಬರೆದಿಡದಿದ್ದರೆ ಹತ್ತಿರದವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಷ್ಟಾದ ಮೇಲೂ ಆಗುವುದು ಯಂತ್ರ ಅಥವಾ ಚಿಕಿತ್ಸೆಯನ್ನು ನಿಲ್ಲಿಸುವುದು, ನೋವು ಕಡಿಮೆ ಮಾಡುವ ಆರೈಕೆಯನ್ನಲ್ಲ. ಸಾಯಿಸುವ ಇಂಜೆಕ್ಷನ್ ಭಾರತದಲ್ಲಿ ಇಂದಿಗೂ ಅಪರಾಧ.

ಕಲಬುರಗಿಯಿಂದ ರೋಗಿಗಳನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ಯುವವರು ಬಹಳ. ಸುಪ್ರೀಂ ಕೋರ್ಟಿನ ನಿಯಮ ಅಲ್ಲಿಯೂ ಅದೇ. ಆದರೆ ಊರು ಬಿಟ್ಟು ಬಂದ ಗಾಬರಿಯಲ್ಲಿ, ಕಾರಿಡಾರಿನಲ್ಲಿ ನಿಂತು, ಹಿರಿಮಗ ಹೇಳಿದ್ದೇ ಸರಿಯೋ ಬೆಂಗಳೂರಿನಿಂದ ಫೋನ್ ಮಾಡಿದ ಅಳಿಯ ಹೇಳಿದ್ದು ಸರಿಯೋ ಎಂಬ ಜಗಳವೂ ಅಲ್ಲೇ ಶುರುವಾಗುತ್ತದೆ.

ನಿರ್ದೇಶನ ಬರೆಯಲು ವಯಸ್ಕರಾಗಿದ್ದು ಮನಸ್ಸು ಸ್ವಸ್ಥವಾಗಿದ್ದರೆ ಸಾಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲಿ ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಹೆಸರುಗಳೂ ಇರಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು.