ಕಂಡ ಲೋಕವನ್ನು ಮತ್ತೆ ಕಾಣಿಸಿದ ರೆನೆ ಮಾಗ್ರಿಟ್

ಕಣ್ಣಿಗೆ ಕಂಡ ನಿಸರ್ಗವನ್ನು ಕಂಡಂತೆಯೇ ಚಿತ್ರಿಸುವುದು ಐರೋಪ್ಯ ಭೂದೃಶ್ಯಕಲೆಯ ದೀರ್ಘ ಪರಂಪರೆ. ಅದರ ಕುಶಲತೆಯನ್ನು ಉಳಿಸಿಕೊಂಡೇ ಅದರ ಮೇಲಿನ ನಮ್ಮ ನಂಬಿಕೆಯನ್ನು ಅಲುಗಿಸಿದ ಅತಿವಾಸ್ತವ ಪಂಥದ ಕಲಾವಿದರಲ್ಲಿ ಬೆಲ್ಜಿಯಂ ದೇಶದ ರೆನೆ ಮಾಗ್ರಿಟ್ ಅಗ್ರಗಣ್ಯರು.

ಅವರು 1898ರ ನವೆಂಬರ್ 21ರಂದು ಲೆಸೀನ್ ಎಂಬ ಊರಿನಲ್ಲಿ ಜನಿಸಿದರು. 1912ರಲ್ಲಿ, ಹದಿಮೂರರ ಎಳೆವಯಸ್ಸಿನಲ್ಲಿ, ಅವರ ತಾಯಿ ಸಾಂಬ್ರ್ ನದಿಯಲ್ಲಿ ಪ್ರಾಣತ್ಯಾಗ ಮಾಡಿದರು. ಮುಂದೆ ವಿಮರ್ಶಕರು ಅವರ ಕೃತಿಗಳಿಗೆ ಈ ಶೋಕದಲ್ಲಿಯೇ ಮೂಲವನ್ನು ಅರಸಿದಾಗ ಮಾಗ್ರಿಟ್ಟರು ಆ ವ್ಯಾಖ್ಯಾನಕ್ಕೆ ಸಮ್ಮತಿಸಲಿಲ್ಲ. ಬ್ರಸೆಲ್ಸಿನ ಕಲಾಶಾಲೆಯಲ್ಲಿ ಕಲಿತು, 1922ರಲ್ಲಿ ಜಾರ್ಜೆಟ್ ಅವರನ್ನು ವರಿಸಿ, ಜೀವನೋಪಾಯಕ್ಕಾಗಿ ಗೋಡೆಗೆ ಅಂಟಿಸುವ ಕಾಗದಗಳ ಕಾರ್ಖಾನೆಯಲ್ಲಿ ವಿನ್ಯಾಸಗಳನ್ನು ರಚಿಸಿದರು. ಇಟಲಿಯ ಕಲಾವಿದ ದ ಕಿರಿಕೊ ಅವರ 'ಪ್ರೇಮಗೀತೆ' ಎಂಬ ಚಿತ್ರದ ಪ್ರತಿಕೃತಿಯೊಂದು ಅವರಿಗೆ ಹೊಸ ಹಾದಿಯನ್ನು ತೋರಿತು. 1927ರಿಂದ 1930ರವರೆಗೆ ಪ್ಯಾರಿಸ್ ಬಳಿ ನೆಲೆಸಿ, ಆಂದ್ರೆ ಬ್ರೆತಾನರ ಬಳಗದ ಒಡನಾಟದಲ್ಲಿದ್ದು, ಮರಳಿ ಬ್ರಸೆಲ್ಸಿಗೆ ಬಂದಾಗ ಜಾಹೀರಾತು ಚಿತ್ರಗಳೇ ಮತ್ತೆ ಹೊಟ್ಟೆಪಾಡಿಗೆ ಆಧಾರವಾದವು.

ಆ ಬಡತನದ ದಿನಗಳಲ್ಲಿಯೇ, 1933ರಲ್ಲಿ, 'ಮಾನವ ಸ್ಥಿತಿ' ರಚಿತವಾಯಿತು. ಕಿಟಕಿಯ ಮುಂದೆ ಚಿತ್ರಫಲಕವೊಂದು ನಿಂತಿದೆ. ಹೊರಗಿನ ಬಯಲಿನಲ್ಲಿ ಅದು ಮರೆಮಾಡಿದ ಭಾಗವೇ ಅದರ ಮೇಲೆ ಚಿತ್ರಿತವಾಗಿದೆ; ಗಿಡಮರ, ಹಾದಿ, ಮುಗಿಲುಗಳು ಅಖಂಡವಾಗಿ ಮುಂದುವರಿದಿವೆ. ಫಲಕದ ಮೇಲಿನ ಮರ ಚಿತ್ರದ ಮರ, ಹೊರಗಿನದು ನಿಜವಾದ ಮರವೆಂದು ಭಾವಿಸುವ ನೋಟಕನಿಗೆ ಎರಡೂ ಬಣ್ಣವೇ ಎಂಬ ಅರಿವು ತಡವಾಗಿ ಮೂಡುತ್ತದೆ.

1949ರಿಂದ ಅವರು ಪುನಃ ಪುನಃ ಚಿತ್ರಿಸಿದ 'ಬೆಳಕಿನ ಸಾಮ್ರಾಜ್ಯ' ಮತ್ತೂ ಸರಳವಾದುದು. ಕೆಳಗೆ ಇರುಳು ಕವಿದ ಬೀದಿ, ಉರಿಯುವ ದೀಪ, ಮೌನದ ಮನೆ. ಮೇಲೆ ಬಿಳಿ ಮೋಡಗಳು ತೇಲುವ ಹಗಲಿನ ನೀಲಾಕಾಶ. ಯಾವ ವಸ್ತುವೂ ವಿಕಾರಗೊಂಡಿಲ್ಲ. ಹಗಲಿರುಳುಗಳೆರಡೂ ತಮ್ಮಷ್ಟಕ್ಕೆ ಸತ್ಯವಾಗಿವೆ. ಅವುಗಳ ಕೂಡುವಿಕೆಯೊಂದೇ ಮನಸ್ಸನ್ನು ಕಲಕುತ್ತದೆ. ಚಿತ್ರಣವು ಯಥಾರ್ಥವಾಗಿರದಿದ್ದರೆ ಈ ಕಳವಳ ಹುಟ್ಟುತ್ತಲೇ ಇರಲಿಲ್ಲ.

ಅವರ ಬದುಕಿನಲ್ಲಿ ಆಡಂಬರವಿರಲಿಲ್ಲ. ಸೂಟು ಧರಿಸಿ, ಮನೆಯ ಊಟದ ಕೋಣೆಯಲ್ಲಿಯೇ ಕುಂಚ ಹಿಡಿಯುತ್ತಿದ್ದರು. ಮಾಗಿದ ವಯಸ್ಸಿನಲ್ಲಿ ಕೀರ್ತಿ ಅರಸಿ ಬಂದಿತು. 1967ರ ಆಗಸ್ಟ್ 15ರಂದು ಬ್ರಸೆಲ್ಸಿನಲ್ಲಿ ನಿಧನರಾದರು. 2009ರಲ್ಲಿ ಅದೇ ನಗರದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 'ಬೆಳಕಿನ ಸಾಮ್ರಾಜ್ಯ'ದ 1954ರ ಆವೃತ್ತಿಯೊಂದು 12 ಕೋಟಿ ಡಾಲರುಗಳಿಗೂ ಮಿಕ್ಕಿದ ಬೆಲೆಗೆ ಮಾರಾಟವಾಯಿತು.

ಬೆಲೆಗಿಂತ ಮಿಗಿಲಾದುದು ಅವರು ಬಿಟ್ಟುಹೋದ ಪಾಠ. ದಿನವೂ ಕಾಣುವುದನ್ನು ನಾವು ಬಲ್ಲೆವೆಂದು ತಿಳಿದು ನೋಡುವುದನ್ನೇ ಮರೆಯುತ್ತೇವೆ. ಮರೆತ ಆ ನೋಟವನ್ನು ಮರಳಿಸಲು ಮಾಗ್ರಿಟ್ಟರು ತಮ್ಮ ಕುಂಚವನ್ನು ಸವೆಸಿದರು.