ಜಾನಿಯ ಬಲಗೈ

ನ್ಯೂಯಾರ್ಕಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದವನೊಬ್ಬ ಐವತ್ತು ಡಾಲರ್ ಚಿಲ್ಲರೆಗೆ ಕೊಂಡ ಗಿಟಾರಿನ ಸದ್ದನ್ನು ಮುಂಬಯಿಯ ಹುಡುಗರು ಇವತ್ತಿಗೂ ಹುಡುಕುತ್ತಿದ್ದಾರೆ. ಅಂಧೇರಿಯ ಸ್ಟುಡಿಯೊ ಒಂದರಲ್ಲಿ ಧ್ವನಿಮುದ್ರಣ ನನ್ನ ಕೆಲಸ. ಧಾರವಾಡದಲ್ಲಿ ತಂಬೂರಿಯ ಶ್ರುತಿ ಕೇಳಿ ಬೆಳೆದ ಕಿವಿ ನನ್ನದು. ಆದರೂ ವರ್ಷಕ್ಕೆರಡು ಬ್ಯಾಂಡ್‌ಗಳಾದರೂ ಬಂದು ಕೇಳುವುದು ಒಂದೇ: ಸರ್, ನಮಗೆ ಜಾನಿ ರಮೋನ್‌ನ ಟೋನ್ ಬೇಕು.

ಆತನ ನಿಜವಾದ ಹೆಸರು ಜಾನ್ ಕಮ್ಮಿಂಗ್ಸ್. ಹುಟ್ಟಿದ್ದು 1948ರ ಅಕ್ಟೋಬರ್ 8ರಂದು. ಅಪ್ಪ ಕಟ್ಟಡ ಕಾರ್ಮಿಕ. ಮಗನೂ ಅದೇ ದಾರಿ ಹಿಡಿದು ಪೈಪ್ ಜೋಡಿಸುವ ಕೆಲಸಕ್ಕೆ ಸೇರಿದ. 1974ರ ಜನವರಿಯಲ್ಲಿ ಮಾಸ್‌ರೈಟ್ ಕಂಪನಿಯ ನೀಲಿ ಗಿಟಾರ್ ಕೊಂಡ. ಅದು ಅಗ್ಗಕ್ಕೆ ಸಿಕ್ಕಿತ್ತು, ಅಷ್ಟೆ. ಅದೇ ವರ್ಷ ಗೆಳೆಯರು ಸೇರಿ ರಮೋನ್ಸ್ ಬ್ಯಾಂಡ್ ಕಟ್ಟಿದರು. 1976ರಲ್ಲಿ ಬಂದ ಮೊದಲ ಆಲ್ಬಮ್‌ಗೆ ತಗುಲಿದ ಖರ್ಚು ಸುಮಾರು 6,400 ಡಾಲರ್. ಹದಿನಾಲ್ಕು ಹಾಡು, ಅರ್ಧ ಗಂಟೆಯೂ ಇಲ್ಲ. ಪಂಕ್ ರಾಕ್ ಎಂಬ ಪ್ರಕಾರಕ್ಕೆ ಅದೇ ಅಡಿಪಾಯವಾಯಿತು.

ಆ ಆಲ್ಬಮ್‌ನಲ್ಲಿ ಗಿಟಾರನ್ನು ಬಲಕ್ಕೆ, ಬೇಸ್ ಗಿಟಾರನ್ನು ಎಡಕ್ಕೆ ಸರಿಸಿದ್ದಾರೆ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡು ಬಲಗಿವಿಯ ಇಯರ್‌ಫೋನ್ ಮಾತ್ರ ಇಟ್ಟುಕೊಂಡರೆ ಜಾನಿಯ ಗಿಟಾರ್ ಹೆಚ್ಚುಕಮ್ಮಿ ಒಂಟಿಯಾಗಿ ಸಿಗುತ್ತದೆ. ಘಾಟ್ಕೋಪರ್ ಬರುವಷ್ಟರಲ್ಲಿ ಒಂದು ಸಂಗತಿ ಅರ್ಥವಾಗುತ್ತದೆ: ಹುಡುಗರು ಅಂದುಕೊಂಡಷ್ಟು ಕರ್ಕಶತೆ ಅದರಲ್ಲಿಲ್ಲ. ಮಾರ್ಷಲ್ ಆಂಪ್ಲಿಫೈಯರಿನ ವಾಲ್ಯೂಮ್ ಜೋರಾಗಿ ಏರಿಸಿದಾಗ ತಾನಾಗಿ ಹುಟ್ಟುವ ಒರಟುತನ ಅದು.

ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ನೂರು ವಾಟಿನ ಮಾರ್ಷಲ್ ಹಚ್ಚಿದರೆ ಸೆಕ್ರೆಟರಿ ಬಾಗಿಲು ಬಡಿಯುತ್ತಾರೆ. ಕಂಪ್ಯೂಟರಿನಲ್ಲಿ ಅದೇ ಆಂಪ್ಲಿಫೈಯರಿನ ನಕಲು ಸಾಫ್ಟ್‌ವೇರ್ ಇದೆ. ಬ್ರಿಡ್ಜ್ ಪಿಕಪ್ ಆರಿಸಿ, ಗೇನ್ ಅರ್ಧಕ್ಕೆ ಇಳಿಸಿ, ಮಿಡ್ ಏರಿಸಿದರೆ ಮುಕ್ಕಾಲು ದಾರಿ ಸಾಗಿದಂತೆ. ಉಳಿದ ಕಾಲು ಭಾಗ ಯಾವ ಅಂಗಡಿಯಲ್ಲೂ ಸಿಗದು. ಸಾಮಾನ್ಯವಾಗಿ ಗಿಟಾರ್ ವಾದಕರು ತಂತಿಯನ್ನು ಮೇಲಕ್ಕೂ ಕೆಳಕ್ಕೂ ಮೀಟುತ್ತಾರೆ. ಜಾನಿ ಕೆಳಮುಖವಾಗಿ ಮಾತ್ರ ಹೊಡೆಯುತ್ತಿದ್ದ, ಸೆಕೆಂಡಿಗೆ ಹೆಚ್ಚುಕಡಿಮೆ ಆರು ಏಟು. ಪ್ರತಿ ಏಟಿಗೂ ಒಂದೇ ತೂಕ ಬರುವುದು ಅದರಿಂದಲೇ. ನಮ್ಮ ಸ್ಟುಡಿಯೊಗೆ ಬಂದ ಹುಡುಗರಲ್ಲಿ ಹೆಚ್ಚಿನವರ ಮಣಿಕಟ್ಟು ಒಂದೇ ನಿಮಿಷಕ್ಕೆ ಸೋಲುತ್ತದೆ.

1977ರಲ್ಲಿ ಆ ನೀಲಿ ಗಿಟಾರ್ ಕಳುವಾಯಿತು. ಆತ ಬಿಳಿಯದೊಂದನ್ನು ಹಿಡಿದ. ಸದ್ದಿನ ಗುರುತು ಮಾತ್ರ ಬದಲಾಗಲಿಲ್ಲ. ಸಂಗೀತ ಆತನಿಗೆ ಡ್ಯೂಟಿ. ಸಮಯಕ್ಕೆ ಬರಬೇಕು, ಹೇಳಿದ ಕೆಲಸ ಮುಗಿಸಬೇಕು. ಕಾರ್ಯಕ್ರಮಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ. 1996ರ ಆಗಸ್ಟ್ 6ರಂದು ಲಾಸ್ ಏಂಜಲೀಸಿನಲ್ಲಿ ನಡೆದ ಕೊನೆಯ ಕಾರ್ಯಕ್ರಮಕ್ಕೆ ಬ್ಯಾಂಡಿನ ಲೆಕ್ಕ 2,263ಕ್ಕೆ ಮುಟ್ಟಿತ್ತು.

ಈ ಕಟ್ಟುನಿಟ್ಟಿಗೆ ಇನ್ನೊಂದು ಮುಖವೂ ಇತ್ತು. ಗಾಯಕ ಜೋಯಿಯ ಗೆಳತಿಯಾಗಿದ್ದವಳು ಮುಂದೆ ಜಾನಿಯ ಹೆಂಡತಿಯಾದಳು. ಆಮೇಲೆ ಅವರಿಬ್ಬರ ನಡುವೆ ಮಾತೇ ನಿಂತಿತು ಎನ್ನಬೇಕು. ಆದರೂ ವರ್ಷಗಟ್ಟಲೆ ಒಂದೇ ವೇದಿಕೆ ಹತ್ತಿದರು, ಒಂದೇ ವಾಹನದಲ್ಲಿ ಊರೂರು ಸುತ್ತಿದರು. 2001ರಲ್ಲಿ ಜೋಯಿ ತೀರಿಕೊಂಡ. ಮುನಿಸು ಹಾಗೇ ಉಳಿಯಿತು. ಕ್ಯಾನ್ಸರಿನಿಂದ ಜಾನಿ ತೀರಿಕೊಂಡಿದ್ದು 2004ರ ಸೆಪ್ಟೆಂಬರ್ 15ರಂದು.

ಪರವೂರಿನಲ್ಲಿ ಕೆಲಸವೇ ಬದುಕಾಗಿರುವ ನಮ್ಮಂಥವರಿಗೆ ಈ ಕಥೆ ಎರಡೂ ಕಡೆಯಿಂದ ತಾಗುತ್ತದೆ. ತಪ್ಪದೆ ದುಡಿದವನ ಏಟಿನ ತೂಕ ದೊಡ್ಡದು. ಪಕ್ಕದಲ್ಲೇ ನಿಂತವನೊಡನೆ ಆಡದೆ ಉಳಿದ ಮಾತಿನ ತೂಕವೂ ಚಿಕ್ಕದಲ್ಲ. ಹುಡುಗರಿಗೆ ನಾನು ಬಲಗೈಯ ಪಾಠವನ್ನಷ್ಟೇ ಹೇಳುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಒಟ್ಟಿಗೆ ಕೂತು ಒಂದೊಂದು ಕಟಿಂಗ್ ಚಹಾ ಕುಡಿದು ಹೋಗಿ ಅನ್ನುತ್ತೇನೆ.